ಐದು ಗೇಣು ನಾಕು ಬೆರಳು

ಮುದಗಲ್ಲಿಗೆ ಬಂದು ಮೂರು ದಿನ ಆತು.
ಬಂದವರೆಲ್ಲ ಅಂಗೈ ಚಾಚತಾರ:
ಯೋರ್ದಾನಿನ ನೀರು ಎಲ್ಲೈತಿ, ಅಂತೋಣಪ್ಪ?

ನೀರಿನ ಸುದ್ದಿ ಆಮ್ಯಾಲೆ.
ಮೌಲಾಸಾಬ, ನೀ ಕೂಡು ಈ ಕಲ್ಲಿನ ಮ್ಯಾಲೆ.
ಹೋಗೂ ಮುಂದ ನೀ ಒಬ್ಬನೇ
ನೀರು ಕೇಳಲಿಲ್ಲ, ಮಣ್ಣು ಕೇಳಲಿಲ್ಲ,
ಕಲ್ಲಿಗೆ ಕಲ್ಲು ಹೆಂಗ ಕೂಡಿಸ್ಯಾರ
ನೋಡಿಕೊಂಡು ಬಾ ಅಂದಿದ್ದಿ.
ಹತ್ತು ದಿನ ತಿರುಗಿದ್ವಿ. ನಿನಗ ಒಂದು ದಿನದ್ದು ಹೇಳತೀನಿ,
ಉಳಿದ ಒಂಬತ್ತು ಮಗನ ಮೊಬೈಲಿನಾಗ ಅದಾವ.

ನಸುಕಿನ ನಾಕಕ್ಕ ನಜರೇತಿನಾಗ ಬಸ್ಸು ಹತ್ತಿದ್ವಿ.
ನಲವತ್ತೊಂದು ಮಂದಿ, ತಲಿಗೊಂದು ಹಳದಿ ಟೊಪ್ಪಿಗಿ,
ಬಳ್ಳಾರಿಯವರು, ಸಿಂಧನೂರಿನವರು, ನಮ್ಮೂರಿನವರು ಆರು.
ಇನ್ನಾಸಿ ಗುರುಗಳು ಬೆರಳು ಮಾಡಿ ಮಾಡಿ ಎಣಿಸಿದರು,
ಸಂತ್ಯಾಗ ಕುರಿ ಎಣಿಸಿದಂಗ.
ನಲವತ್ತು ಬಂತು. ಮತ್ತ ಎಣಿಸಿದರು. ನಲವತ್ತು.
ತಮ್ಮನ್ನ ತಾವು ಎಣಿಸಿಕೊಂಡಿರಲಿಲ್ಲ.

ಜಪಮಾಲಿ ಮುಗಿಯೂದ್ರೊಳಗ ಬೆಳಕು ಹರೀತು.
ಹೊರಗ ಬೋಳು ಗುಡ್ಡ, ಮುಳ್ಳಕಂಟಿ, ಆಡು.
‘ಇದನ್ನ ನೋಡಾಕ ಏಳು ವರ್ಷ ಚೀಟಿ ಕಟ್ಟಿದ್ವೇನು,
ಮಸ್ಕಿ ತನಕ ಹೋಗಿದ್ರ ಸಾಕಿತ್ತಲ್ಲ’
ಅಂದ್ಲು ಮಗ್ದಲಮ್ಮ. ಅಂದು ಕೆನ್ನಿ ಬಡಕೊಂಡ್ಲು.

ಯೋರ್ದಾನು ನಮ್ಮ ನಾರಾಯಣಪುರದ ಕಾಲುವಿಗಿಂತ ಸಣ್ಣದು.
ಈ ದಂಡಿ ಒಂದು ದೇಶ, ಆ ದಂಡಿ ಇನ್ನೊಂದು,
ನಡುವ ಒಂದು ಹಗ್ಗ.
ಆ ಕಡೆಯವರೂ ಮುಳುಗಿದರು, ನಾವೂ ಮುಳುಗಿದ್ವಿ,
ಎರಡೂ ಕಡೆ ಬಂದೂಕಿನ ಹುಡುಗರು
ಬ್ಯಾಸರಾಗಿ ಆಕಳಿಸಿದರು.

ಮಧ್ಯಾಹ್ನ ಯೆರಿಕೋವಿನಾಗ ಕಡ್ಲಿ ವಡಿ. ಖಾರ ಇಲ್ಲ.
ಸಿಂಧನೂರಿನ ಎಲಿಸಮ್ಮ ಚೀಲದಾಗಿಂದ ಗುರೆಳ್ಳು ಪುಡಿ ತಗದ್ಲು.
ಎಲ್ಲರಿಗೂ ಒಂದೊಂದು ಚಿಟಿಕಿ, ಪರಮಪ್ರಸಾದ ಹಂಚಿದಂಗ.
ಡ್ರೈವರ್ ಇಸ್ಮಾಯಿಲನೂ ಕೈ ಒಡ್ಡಿದ,
ನಾಕು ಹನಿ ಕಣ್ಣೀರು ಹಾಕಿ
ಮತ್ತ ಒಡ್ಡಿದ.

ಆಮ್ಯಾಲೆ ಬೆತ್ಲೆಹೇಮು.
ಹಾದ್ಯಾಗ ಒಂದು ಗ್ವಾಡಿ ಬಂತು, ಉದ್ದಕ್ಕ, ಎತ್ತರಕ್ಕ.
ಅದರಾಗ ನನ್ನ ನಿನ್ನಂಥವರ ಕೈ ಇಲ್ಲ,
ಅಚ್ಚಿನಾಗ ಸುರದದ್ದು. ಬಿಡು.

ಬಾಗಿಲ ಸುದ್ದಿ ಕೇಳು.
ಅಷ್ಟು ದೊಡ್ಡ ಗುಡಿಗೆ ಇಷ್ಟಗಲ ಬಾಗಿಲು.
ಮ್ಯಾಲೆ ಹಳೇ ಕಮಾನು ಕಾಣತೈತಿ, ಅದು ಒಬ್ಬನ ಕೈ,
ನಿಧಾನಸ್ಥ, ಕೀಲು ಕೀಲಿಗೆ ಕೂದಲು ಹಾಯಂಗಿಲ್ಲ.
ಅದನ್ನ ಮುಚ್ಚಿದ ಕಲ್ಲು ಇನ್ನೊಬ್ಬನ ಕೈ,
ಉಳಿ ಪೆಟ್ಟು ಅವಸರದ್ದು.
ಕುದುರಿ ಸವಾರರು ನುಗ್ಗಬಾರದಂತ ಮುಚ್ಚಿದರಂದ ಗೈಡು.
ದೇವರ ಮುಂದ ಬಗ್ಗಬೇಕಂತ ಅಂದರು ಗುರುಗಳು.
ನನಗ ಕಂಡಾಂವ,
ಹೊತ್ತು ಮುಳುಗೂದ್ರೊಳಗ ಮುಗಿಸು ಅಂತ
ಹೇಳಿಸಿಕೊಂಡ ಒಬ್ಬ ಗೌಂಡಿ.

ಮಂದಿ ಒಬ್ಬೊಬ್ಬರೇ ಬಗ್ಗಿ ಹೋದರು.
ಮಗ್ದಲಮ್ಮನ ಮೊಣಕಾಲು ನಿನಗ ಗೊತ್ತೈತಲ್ಲ.
ನಿಂತ್ಲು. ಹಿಂದ ಸಾಲು ಬೆಳೀತು,
ಯಾವ್ಯಾವುದೋ ಭಾಷೆಯಾಗ ಗೊಣಗಿದರು.
ಆಕಿ ತಿರುಗಿದ್ಲು, ಚೌಕಟ್ಟು ಎರಡೂ ಕೈಲೆ ಹಿಡದು
ಹಿಂದಹಿಂದಕ್ಕ ಹೆಜ್ಜಿ ಇಟ್ಲು,
ಸಣ್ಣಾಕಿದ್ದಾಗ ಹಗೇವಿಗೆ ಇಳೀತಿದ್ದಂಗ.
ಬೆನ್ನು ದೇವರ ಕಡೆ, ಮುಖ ನಮ್ಮ ಕಡೆ.
ಒಬ್ಬಾಕಿ ನಕ್ಕಳು.
ಆದರ ಎಲಿಸಮ್ಮ ಹಂಗ ಹೋದ್ಲು,
ಸಾವೇರಪ್ಪ ಮಾಸ್ತರ ಹಂಗ ಹೋದರು,
ಅಂಕೋಲಿನ ಒಬ್ಬ ಬಿಳಿ ಮುದುಕ, ಯಾವೂರಾಂವೋ, ಅಂವನೂ.
ಗುರುಗಳು ಏನೂ ಅನಲಿಲ್ಲ,
ಒಳಗ ನಿಂತು ಕೈ ಹಿಡದು
ಒಬ್ಬೊಬ್ಬರನ್ನ ತಿರುವಿಕೊಂಡರು.

ಒಳಗಿನ ನಕ್ಷತ್ರ, ದೀಪ, ಗವಿ, ಅದೆಲ್ಲ ಮೊಬೈಲಿನಾಗ ಐತಿ.

ನೀರೇನಾತು ಅಂದ್ರ,
ತಿರುಗಿ ಬರೂವಾಗ ಬಿ.ಪಿ. ಗುಳಿಗಿ ನುಂಗಾಕ
ಬಸ್ಸಿನಾಗ ಬ್ಯಾರೆ ನೀರಿರಲಿಲ್ಲ.
ಅರ್ಧ ಆಕಿ ಕುಡದ್ಲು, ಅರ್ಧ ನನಗ ಕೊಟ್ಲು.
ಉಪ್ಪುಪ್ಪು. ನಮ್ಮ ಓಣಿ ಬೋರಿನ ನೀರೇ ಅದು.
ಮಂದಿಗೆ ಹೇಳಬ್ಯಾಡ.

ತಗೋ ಈ ದಾರ.
ಆಕಿ ಹಿಂದಹಿಂದಕ್ಕ ಹೋಗೂವಾಗ ಅಳತಿ ಹಿಡದು
ಗಂಟು ಹಾಕೀನಿ: ಐದು ಗೇಣು ನಾಕು ಬೆರಳು.
ಏಳು, ನಮ್ಮ ಬಾಗಿಲಿಗೆ ಹಿಡಿ.
ಸಡ್ಲ ಬಿಡಬ್ಯಾಡ, ಬಿಗಿಯಾಗಿ.
ಎಷ್ಟು ಉಳೀತು ಹೇಳು.