ವಾಕ್ಯದ ಕೊನೆಯ ಅಲಗು

ಗುರುವಾರ ಸಂಜೆ ಆರಕ್ಕೆ ಬಾಗಿಲು ತಟ್ಟುತ್ತಾರೆ ಪಕ್ಕದ ಮನೆಯ ಹೆರ್ ಹಾರ್ಟ್‌ಕೋಪ್ಫ್,
ಕಂಕುಳಲ್ಲಿ ಟ್ಯಾಬ್ಲೆಟ್ಟು, ಟವಲಿನಲ್ಲಿ ಸುತ್ತಿ,
ಜ್ವರ ಬಂದ ಬೆಕ್ಕನ್ನು ಡಾಕ್ಟರ ಹತ್ತಿರ ತಂದ ಹಾಗೆ.
ಒಪ್ಪಂದ ಇಷ್ಟೆ: ಅವರ ಪಾಸ್‌ವರ್ಡು ನಾನು ರಿಪೇರಿ ಮಾಡಬೇಕು,
ನನ್ನ ಜರ್ಮನ್ನು ಅವರು.

ಕಿಟಕಿಯಾಚೆ ವುಪ್ಪರ್ ಹೊಳೆಯ ಮೇಲೆ
ತಂತಿಗೆ ಹಾಕಿದ ಅಂಗಿಯಂತೆ ಓಲಾಡುತ್ತ ಹೋಗುತ್ತದೆ ರೈಲು.
ಬ್ಯಾಂಕಿನ ಶಾಖೆ ಮುಚ್ಚಿ, ಈಗ ಅಲ್ಲಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿ.
ಪಿಂಚಣಿ ಬಂತೋ ಇಲ್ಲವೋ ನೋಡಲು
ಗಾಜಿನೊಳಗೇ ಹೋಗಬೇಕು.

"ಹೇಳು, ಈಗ ಏನು ಮಾಡುತ್ತಿದ್ದೀಯ?"
ಇಷ್ ಮೆಲ್ಡೆ... ಅನ್, ಎಂದೆ.
"ಯಾರನ್ನು?"
ಮಿಷ್. ನನ್ನನ್ನು. ಮರೆತಿದ್ದೆ.
ಈ ಭಾಷೆಯಲ್ಲಿ ಒಳಗೆ ಹೋಗುವವರು
ತಮ್ಮನ್ನು ತಾವೇ ಕೈಹಿಡಿದು ಕರೆತಂದು
ಬಾಗಿಲಲ್ಲಿ ಒಪ್ಪಿಸಬೇಕು.

ನಮ್ಮಲ್ಲಿ ಅದಕ್ಕೊಂದು ಕೊಳ್ಳು ಇದೆ, ಹೇಳಿದೆ:
ಹೊದ್ದುಕೊ, ಬಾಚಿಕೊ, ಬಾಯಿ ಮುಚ್ಚಿಕೊ, ನೆನೆಸಿಕೊ.
ಅಂಗಡಿಯಲ್ಲಿ ಅದೇ ಮಾತಿಗೆ ದುಡ್ಡು ತೆರಬೇಕು.
"ಅಂದರೆ ತಲೆ ಬಾಚುವುದನ್ನೂ ಕೊಳ್ಳುತ್ತೀರಾ ನೀವು?"
ಹೌದು, ನೆನಪನ್ನೂ. ಹೆಚ್ಚಾಗಿ ಸಾಲಕ್ಕೆ.

ನಲವತ್ತೊಂದು ವರ್ಷ ಜೋಲಿಂಗನ್ನಿನಲ್ಲಿ ಕತ್ತರಿಗೆ ಸಾಣೆ ಹಿಡಿದವರು.
ನನ್ನ ಅಡುಗೆಮನೆಯ ಕತ್ತರಿ ಎತ್ತಿ ಅಗಲಿಸಿ ತೋರಿಸುತ್ತಾರೆ:
ಈ ಅಲಗು ಮೆಲ್ಡೆ, ಆ ಅಲಗು ಅನ್.
ನಡುವಿನ ತಿರುಪು ಮಿಷ್. ಅದು ಬಿದ್ದುಹೋದರೆ ಎರಡು ಚಾಕು, ಅಷ್ಟೆ.
ತೆರೆದ ಬಾಯಿಗೆ ಎಷ್ಟು ಬಟ್ಟೆ ಬೇಕಾದರೂ ತುರುಕು:
ಇವತ್ತು ಸಂಜೆ, ಹೊಸ ಪಾಸ್‌ವರ್ಡಿನಿಂದ,
ಕನ್ನಡಕ ಸಿಕ್ಕ ಮೇಲೆ, ಮೂರನೆಯ ಸಲ,
ಕೊನೆಗೆ ಕಚಕ್: ಅನ್.
ಕಚಕ್ ಎನ್ನುವ ತನಕ ಗೊತ್ತಾಗುವುದಿಲ್ಲ, ಒಳಗೋ ಹೊರಗೋ.
ಹೊರಗಾದರೆ ಅಪ್.

ನನ್ನ ನಾಲಿಗೆಗೆ ಅರೆಮಾತು ಒಗ್ಗುವುದಿಲ್ಲ,
ಬಾಲಕ್ಕೊಂದು ಉಕಾರ ಅಂಟಿಸಿಬಿಡುತ್ತದೆ:
ಅನ್ನು. ಅಪ್ಪು.
ಬಂದಾಗ ಏನಾದರೂ ಅನ್ನು. ಹೊರಡುವಾಗ ಅಪ್ಪು.
ಇದನ್ನು ಅವರಿಗೆ ಬಿಡಿಸಿ ಹೇಳಲಿಲ್ಲ.

ಈ ಗುರುವಾರ ಟವಲಿನೊಳಗೆ ಒಂದು ಕಾಗದವೂ ಇತ್ತು.
ಹಳೆಯ ಫೋನಿನ ಲೈನು ಗೆರ್ಲಿಂಡೆಯ ಹೆಸರಲ್ಲಿದೆ.
ಆಕೆ ಹೋಗಿ ಹದಿನಾಲ್ಕು ತಿಂಗಳು.
ಹೆಸರು ಆನ್‌ಲೈನಿನಲ್ಲೇ ತೆಗೆಸಬೇಕಂತೆ.
ಮೆಲ್ಡನ್ ಜೀ ಸಿಷ್ ಅಪ್, ಎಂದೆ, ಗುಂಡಿ ತೋರಿಸಿ.
ನಕ್ಕರು: "ಹಾಗಂದರೆ ಹೊರಡಬೇಕಾದವನು ನಾನು.
ಇಲ್ಲಿ ಸಿಷ್ ಬರುವುದಿಲ್ಲ. ನಾನು, ಅವಳನ್ನು.
ಇಷ್ ಮೆಲ್ಡೆ ಜೀ..."
ಅಲಗು ಕೂಡಲಿಲ್ಲ.

"ನಿನ್ನ ಫೋನಿನಿಂದ ಒಮ್ಮೆ ನಮ್ಮ ಮನೆಗೆ ಮಾಡು."
ಗೋಡೆಯಾಚೆ ಐದು ಸಲ ರಿಂಗಾಯಿತು.
ಆಮೇಲೆ ಗೋಡೆಯಿಂದಲೂ ನನ್ನ ಅಂಗೈಯಿಂದಲೂ
ಕೆಮ್ಮು ತಡೆದುಕೊಂಡ ಹೆಂಗಸಿನ ದನಿ:
ನಾವು ಮನೆಯಲ್ಲಿಲ್ಲ. ವಿಯರ್ ಮೆಲ್ಡನ್ ಉನ್ಸ್.

ಕಾದೆ. ಕನ್ನಡದ ಕಿವಿಗೆ ಇದು ಹುಟ್ಟುಗುಣ,
ಇಲ್ಲ ಎನ್ನುವುದೂ ನಮ್ಮಲ್ಲಿ ಕೊನೆಗೇ ಬರುತ್ತದೆ.
ಅನ್ ಬರಲಿಲ್ಲ. ಅಪ್ ಬರಲಿಲ್ಲ. ಪೀಂ ಎಂದಿತು.
ಒಂದು ತುಂಡು ಬಿಟ್ಟುಹೋಗಿದೆ, ಎಂದೆ.
"ಎಲ್ಲ ಸರಿಯಾಗೇ ಇದೆ. ತುಂಡಿಲ್ಲದಿದ್ದರೆ ಅರ್ಥ ಬೇರೆ:
ನಾವೇ ನಿಮ್ಮನ್ನು ಮತ್ತೆ ಮಾತಾಡಿಸುತ್ತೇವೆ."

ಅಷ್ಟರಲ್ಲಿ ಟ್ಯಾಬ್ಲೆಟ್ಟು ತಾನಾಗಿಯೇ ನಮ್ಮನ್ನು ಹೊರಗೆ ಹಾಕಿತ್ತು,
ಹತ್ತು ನಿಮಿಷ ಯಾರೂ ಮುಟ್ಟಲಿಲ್ಲವೆಂದು.
ಮೊದಲಿಂದ ಮಾಡೋಣವೇ, ಎಂದೆ.
ಮುಂದಿನ ಗುರುವಾರ, ಎಂದರು, ಟವಲು ಸುತ್ತುತ್ತ.
ಬಾಗಿಲಲ್ಲಿ ತಿರುಗಿ ನನ್ನ ಕತ್ತರಿ ಕೇಳಿದರು, ತೀರ ಮೊಂಡಾಗಿದೆಯಂತೆ.
ಒಯ್ದರು.
ಅಲ್ಲಿಂದೀಚೆ ಬೇಳೆಯ ಪೊಟ್ಟಣ
ಹಲ್ಲಿನಲ್ಲೇ ಹರಿದುಕೊಳ್ಳುತ್ತಿದ್ದೇನೆ.