ತಪ್ಪು ಹಾಡುವ ಕೆಲಸ

ಅಂಧೇರಿಯ ಸ್ಟುಡಿಯೊದಲ್ಲಿ ಅಂದು ನನ್ನ ಕೆಲಸ
ಸರಿಯಾಗಿ ತಪ್ಪು ಹಾಡುವುದು.
ನಗೆ ಸಿನಿಮಾ. ಸೊಸೈಟಿಯ ಗಣಪತಿ ಪೆಂಡಾಲು,
ಮೈಕು ಬಿಡದ ನಾಯಕಿಯ ಅತ್ತೆ,
ಅವಳ ಬಾಯಿಗೆ ನನ್ನ ಕಂಠ.

ಗಾಂಧಾರವನ್ನು ಕೊಂಚ ಇಳಿಸಿದೆ.
ಇಳಿದದ್ದು ಕೋಮಲಕ್ಕೆ ಹೋಗಿ ಕೂತು
ಇನ್ನೊಂದೇ ರಾಗದ ಬಾಗಿಲು ತೆರೆಯಿತು.
ಗಾಜಿನಾಚೆ ಮ್ಹಾತ್ರೆ ಕಣ್ಣು ಮುಚ್ಚಿ ತಲೆದೂಗಿದ.
ಧನುಕಾ ನಗಲಿಲ್ಲ.
ತಾಳ ಬಿಟ್ಟೆ, ಬಿಟ್ಟಲ್ಲೂ ಲೆಕ್ಕವಿತ್ತು.
ಕೀರಲು ದನಿ ತೆಗೆದೆ, ಅದು ಬರೀ ಮಿಮಿಕ್ರಿ.
'ಮೇಡಂ, ನಿಮ್ಮ ತಪ್ಪೂ ಶ್ರುತಿಯಲ್ಲೇ ಇದೆ' ಎಂದ,
ಬೈದನೋ ಹೊಗಳಿದನೋ.
ಏಳು ಟೇಕು. ವಡಾಪಾವ್ ತಣ್ಣಗಾಯಿತು.
ಮೂವತ್ತು ವರ್ಷ ಕಲಿತದ್ದನ್ನು ಮೂರು ನಿಮಿಷ
ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರಲಾಗಲಿಲ್ಲ.

ಆಮೇಲೆ ವಾರಿಜಕ್ಕ ನೆನಪಾದಳು.
ಮುಲುಂಡಿನ ನಮ್ಮ ಚಾಳು, ಶನಿವಾರದ ಭಜನೆ,
ಹಿಟ್ಟು ರುಬ್ಬಿದ ಕೈ ಸೆರಗಿಗೊರೆಸಿ ತಾಳ ಹಿಡಿದರೆ
ಯಾರಿಗೂ ಕಾಯುವವಳಲ್ಲ.
ಅವಳು ತಪ್ಪಲೆಂದು ಹೊರಟವಳೇ ಅಲ್ಲ,
ಸರಿಯ ಕಡೆಗೇ ಓಡುತ್ತಿದ್ದಳು, ಸೊಂಟಕ್ಕೆ ಸೆರಗು ಬಿಗಿದು.
ಕತ್ತಲಲ್ಲಿ, ಇನ್ನೂ ಒಂದಿದೆಯೆಂದು,
ಇಲ್ಲದ ಮೆಟ್ಟಿಲಿಗೆ ಕಾಲೆತ್ತಿ ಇಟ್ಟ ಹಾಗೆ
ಧೊಪ್ಪನೆ ಬೀಳುತ್ತಿತ್ತು ಮೇಲಿನ ಷಡ್ಜ.
ಸುಲಭದ ಕಡೆ ಅವಸರ, ಕಷ್ಟದ ಕಡೆ ಕೆಮ್ಮು.
'ವಿಠ್ಠ' ಎಂದು ನಿಂತು, ಒಂದು ಗುಟುಕು ಗಾಳಿ ಕುಡಿದು
'ಲಾ' ಎನ್ನುವಷ್ಟರಲ್ಲಿ
ದೇವರು ಅರ್ಧ ದಾರಿ ನಡೆದು ಬಂದಿರುತ್ತಿದ್ದ.
ಯಾರೂ ನಗುತ್ತಿರಲಿಲ್ಲ.
ನಾನು ನಕ್ಕಿದ್ದೆ ಒಮ್ಮೆ, ಒಂಬತ್ತರ ಹುಡುಗಿ,
ಅಮ್ಮ ಚಿವುಟಿದ್ದು ತೊಡೆಗೆ ಇನ್ನೂ ಗೊತ್ತು.

ಎಂಟನೇ ಟೇಕಿಗೆ ಅವಳನ್ನು ಕದ್ದೆ.
ಹೆಡ್‌ಫೋನು ಒಂದು ಕಿವಿಯಿಂದ ಸರಿಸಿ
ಪೂರ್ತಿ ನಂಬಿ ಹಾಡಿದೆ.
ಧನುಕಾ ನೆಲಕ್ಕೆ ಕುಸಿದು ನಕ್ಕ,
ಚಹಾದ ಹುಡುಗ ಕಿಟಲಿ ಹಿಡಿದೇ ನಕ್ಕ.
ಓಕೆ ಆಯಿತು. ಚೆಕ್ಕೂ ಬಂತು.

ಸಿನಿಮಾಕ್ಕೆ ವಾರಿಜಕ್ಕನೇ ಹಟ ಹಿಡಿದಳು.
ಎಪ್ಪತ್ತಾರರ ಮಂಡಿ, ಎಸಿಗೆ ಹೊದ್ದ ಶಾಲು.
ಯಾವುದು ನನ್ನ ಹಾಡೆಂದು ನಾನು ಹೇಳಿರಲಿಲ್ಲ.
ಪೆಂಡಾಲು ಬಂತು. ಥಿಯೇಟರು ಅಲುಗಿತು ನಗೆಗೆ.
ಓರೆಗಣ್ಣಲ್ಲಿ ನೋಡಿದೆ:
ಕುರ್ಚಿಯ ತೋಳ ಮೇಲೆ ಅವಳ ಬೆರಳು
ತಾಳ ಹಾಕುತ್ತಿದ್ದವು, ಅರ್ಧ ಮಾತ್ರೆ ಮುಂದೆ,
ಪರದೆಯ ಅತ್ತೆಗೆ ತಪ್ಪದೆ ಜೊತೆಯಾಗಿ.

ಕಿವಿಗೆ ಬಾಗಿದಳು:
'ಪಾಪ, ಚೆಂದ ಹಾಡ್ತಾಳಲ್ಲ ಮಾರಾಯ್ತಿ,
ಇವರಿಗೆಲ್ಲ ಏನಾಗಿದೆ?
ಇರಲಿ,
ನಿನ್ನದು ಯಾವಾಗ ಬರ್ತದೆ?'