ಅಂಕೆ

ಶುವೈಖ್‌ನ ಗ್ಯಾರೇಜು ಸಾಲು. ಮಧ್ಯಾಹ್ನ ಎರಡು.
ಶೆಟರಿನ ತಗಡು ಮುಟ್ಟಿದರೆ ಚರ್ಮ ಅಲ್ಲೇ ಉಳಿದೀತು.
ಮಿಶಾರಿ ಕಾರಿನಿಂದ ಇಳಿಯಲಿಲ್ಲ, ಗಾಜು ಇಳಿಸಿದ;
ಒಳಗಿನ ತಂಪು ಒಂದು ಗುಕ್ಕು ನನ್ನ ಮುಖಕ್ಕೂ ಬಂತು.
“ಯಾ ಪೀರ್, ಲಿಮಿಟರ್ ಒಂಚೂರು ನೋಡಬೇಕು.”

ಗೊತ್ತು. ಎಲ್ಲರದೂ ಅದೇ ತಕರಾರು,
ಇನ್ನೂರೈವತ್ತಕ್ಕೆ ನಿಂತುಬಿಡುತ್ತೆ ಅಂತ.
ನಿಲ್ಲುವುದಲ್ಲ ಅದು. ಹಿಂದಿನಿಂದ ಯಾರೋ
ಮೆಲ್ಲಗೆ ಅಂಗಿಯ ಚುಂಗು ಹಿಡಿದಂತೆ:
ಕಾಲು ಪೂರಾ ಒತ್ತಿದ್ದರೂ ಥ್ರಾಟಲ್ಲಿನ ತಟ್ಟೆ
ತನ್ನಷ್ಟಕ್ಕೆ ಅರ್ಧ ಮುಚ್ಚಿಕೊಳ್ಳುತ್ತದೆ.
ಪೆಡಲಿಗೂ ಎಂಜಿನ್ನಿಗೂ ನಡುವೆ ಈಗ ಎಳೆಯುವ ತಂತಿಯಿಲ್ಲ.
ಪೆಡಲು ಬರೀ ಅರ್ಜಿ.
ಮಂಜೂರು ಮಾಡುವುದು ಅಂಗೈಯಗಲದ
ಅಲ್ಯೂಮಿನಿಯಂ ಡಬ್ಬಿ.

ಆರ್‌ಪಿಎಂ ವಿಷಯಕ್ಕೆ ಬಂದರೆ ಈ ನಯನಾಜೂಕಿಲ್ಲ.
ಏಳು ಸಾವಿರದ ಇನ್ನೂರು ದಾಟಿತೋ, ಪೆಟ್ರೋಲು ಬಂದ್.
ಈ ಸಿಲಿಂಡರಿಗೆ, ಆ ಸಿಲಿಂಡರಿಗೆ,
ಕೊಟ್ಟು ಕಸಿದು, ಕೊಟ್ಟು ಕಸಿದು
ತಡ್ ತಡ್ ತಡ್ ತಡ್
ತುತ್ತು ಎತ್ತಿದ ಕೈಗೆ ಹೊಡೆದಂತೆ.
ಹೊಡೆಯದಿದ್ದರೆ ಸ್ಪ್ರಿಂಗು ಸೋತು, ವಾಲ್ವು ತಡವಾಗಿ,
ಪಿಸ್ಟನ್ನಿನ ತಲೆ ಅದಕ್ಕೆ ಬಡಿದು
ಹದಿನೆಂಟು ಸಾವಿರ ದೀನಾರಿನ ಎಂಜಿನ್ನು
ಬುಟ್ಟಿಗೆ ಗುಡಿಸುವ ಚೂರು.

ಹುಬ್ಬಳ್ಳಿಯಲ್ಲಿ ನಾನು ಕಲಿತದ್ದು ಡೀಸೆಲ್ ಪಂಪು.
ಟ್ರ್ಯಾಕ್ಟರಿನ ವೇಗದ ಸ್ಕ್ರೂಗೆ ತಂತಿ ಸುತ್ತಿ,
ಸೀಸದ ಬಿಲ್ಲೆ ಇಟ್ಟು ಇಕ್ಕಳದಲ್ಲಿ ಅಮುಕಿ
ವಸ್ತಾದ್ ಬುಡನ್‌ಸಾಬ್ ಹೇಳುತ್ತಿದ್ದರು:
“ಇದು ಅಂಕೆ ಪಾ. ಇದನ್ನ ಬಿಚ್ಚಿದಾಂವ
ಮಶೀನಿನ ಆಯುಷ್ಯ ಬಿಚ್ಚಿದ.”
ರಾತ್ರಿ ಊಟಕ್ಕೆ ಕೂತರೂ ಉಗುರಲ್ಲಿ ಸೀಸ.

ಇಲ್ಲಿ ಸೀಸವಿಲ್ಲ.
ಲ್ಯಾಪ್‌ಟಾಪಿನ ಕೇಬಲ್ಲು ಚುಚ್ಚಿದರೆ ಕೋಷ್ಟಕದ ಮೇಲೆ ಕೋಷ್ಟಕ;
ಎಲ್ಲೋ ಒಂದು ಮನೆಯಲ್ಲಿ ತೆಪ್ಪಗೆ ಕೂತಿದೆ ಇನ್ನೂರೈವತ್ತು.
ಅಂಕೆ ಅಂದರೆ ಎಣಿಕೆಯೂ ಹೌದು, ಮೂಗುದಾರವೂ ಹೌದು.
ಬುಡನ್‌ಸಾಬರಿಗೆ ಒಂದೇ ಅರ್ಥ ಸಾಕಾಗಿತ್ತು.
ಎರಡೂ ಒಂದೇ ಮನೆಯಲ್ಲಿ ಸಂಸಾರ ಹೂಡಿದ್ದನ್ನ
ನಾನು ಕಂಡದ್ದು ಸಮುದ್ರ ದಾಟಿದ ಮೇಲೆ.

“ತೆಗೆದುಬಿಡಲಾ?” ಅಂದೆ.
“ಲಾ, ಲಾ!” ಮಿಶಾರಿ ನಕ್ಕ. “ವೇಗ ಯಾರಿಗೆ ಬೇಕು ಮಾರಾಯ,
ಕಂಬಕ್ಕೊಂದು ಕ್ಯಾಮೆರಾ. ನನಗೆ ಆ ಸದ್ದು ಬೇಕು.
ತಡ್ ತಡ್ ತಡ್. ಇನ್ನೂ ಜೋರು.
ನಿಂತಲ್ಲೇ ಬರಬೇಕು.”

ಸ್ಪ್ಯಾನರು ಕೈಯಲ್ಲೇ ಉಳಿಯಿತು.
ಗೋಡೆಗೆ ಹಾಯುವುದಲ್ಲ, ಹಾಯ್ದ ಸದ್ದು ಬೇಕು ಹುಡುಗನಿಗೆ;
ಗೋಡೆ ಇನ್ನಷ್ಟು ಹತ್ತಿರ ತಂದುಕೊಡಬೇಕು.
ಸರಿ, ಬರೆದೆ: ನ್ಯೂಟ್ರಲ್‌ನಲ್ಲಿದ್ದಾಗ ನಾಲ್ಕು ಸಾವಿರ.
ಕಿಡಿ ತಡವಾಗಲಿ, ಉರಿಯದ ಪೆಟ್ರೋಲು
ಸೈಲೆನ್ಸರಿನ ಬಾಯಲ್ಲಿ ಹೊತ್ತಿಕೊಳ್ಳಲಿ.
ಮೊಹರು ಬಿಚ್ಚಿಸಲು ಬಂದ ಅಂದುಕೊಂಡಿದ್ದೆ.
ಇನ್ನೊಂದು ಮೊಹರು ಒತ್ತಿ ಕಳಿಸಿದೆ.
ಮೂವತ್ತೈದು ದೀನಾರು.

ಡಬ್ಬಿಗೆ ಒಂದು ಕಿವಿಯೂ ಇದೆ, ಹೇಳುವುದು ಮರೆತೆ.
ಎಂಜಿನ್ನಿನ ಪಕ್ಕೆಗೆ ಬೋಲ್ಟು ಹಾಕಿ ಕೂರಿಸಿದ ಕಿವಿ.
ಒಳಗೆ ಸಣ್ಣಗೆ ‘ಟಿಕ್’ ಅಂದರೂ ಕೇಳಿಸಿಕೊಂಡು
ಕಿಡಿಯನ್ನು ಕೂದಲೆಳೆ ಹಿಂದಕ್ಕೆ ಸರಿಸುತ್ತದೆ.
ಐವತ್ತೊಂದು ಡಿಗ್ರಿಯಲ್ಲಿ ಯಾವ ಕಾರೂ
ಕಾಗದದಲ್ಲಿ ಬರೆದಷ್ಟು ಬಲ ಕೊಡುವುದಿಲ್ಲ;
ಓನರಿಗೆ ಗೊತ್ತಾಗುವುದೂ ಇಲ್ಲ.
ನಾನೂ ಈ ಹೊತ್ತಿನಲ್ಲಿ ಬೋಲ್ಟು ನಿಧಾನ ತಿರುಗಿಸುತ್ತೇನೆ.
ಅದನ್ನು ಯಾರೂ ಯಾವ ಕೋಷ್ಟಕದಲ್ಲೂ ಬರೆದಿಲ್ಲ.

ಗುರುವಾರ ರಾತ್ರಿ ಗಲ್ಫ್ ರೋಡು, ಕಡಲ ಪಕ್ಕ.
ರೊಮೆಲ್‌ನ ಪಿಕಪ್ಪು. ನೂರಿಪ್ಪತ್ತಕ್ಕೆ ‘ಟಿಂಗ್ ಟಿಂಗ್’ ಅನ್ನುವ
ಹಳೆಯ ಗಂಟೆ ಇದರಲ್ಲಿ ಇನ್ನೂ ಇದೆಯಂತೆ,
ಕೇಳಿದವರಿಲ್ಲ; ತೊಂಬತ್ತಕ್ಕೇ ಬಾಗಿಲು ನಡುಗುತ್ತದೆ.
ಸಿಗ್ನಲ್ಲು ಕೆಂಪು. ಮುಂದೆಲ್ಲೋ
ತಡ್ ತಡ್ ತಡ್ ತಡ್,
ಈಚಲ ಗಿಡಗಳಡಿ ನೀಲಿ ಬೆಂಕಿ, ಹುಡುಗರ ಕೇಕೆ.
ರೊಮೆಲ್ ಕಿವಿಗೊಟ್ಟು ಅಂದ, “ಮೂರು ಸಾವಿರದ ಎಂಟುನೂರು.”
“ನಾಲ್ಕು,” ಅಂದೆ.
“ಅಷ್ಟು ಖಾತ್ರಿ ಹೇಗೆ?”
ಉಗುರು ನೋಡಿಕೊಂಡೆ. ಏನೂ ಇರಲಿಲ್ಲ.

ಹಸಿರು ಬಿತ್ತು.
ಮಿಶಾರಿ, ನಾವು, ಹಿಂದಿನ ನೀರಿನ ಟ್ಯಾಂಕರು,
ಎಲ್ಲರೂ ಇಪ್ಪತ್ತರಲ್ಲಿ ಹೊರಟೆವು.